ಗೌಡರ ಉಷ್ಣ

ದೌಲತರಾಯ ಗೌಡರಿಗೆ ಉಷ್ಣವಾಗಿತ್ತು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಚಾವಡಿ ಕಟ್ಟೆಯ ಮೇಲೆ ಕೂತು ಮಂಡಲ ಪಂಚಾಯತಿಯ ವ್ಯವಹಾರ ಮಾತಾಡುತ್ತಿದ್ದ ಗೌಡರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಿದ್ದರು. ಕೈ ಧೋತರದ ನೆರಿಗೆಯೊಳಗೆ ಇಳಿಯುತ್ತಿತ್ತು. ಕಣ್ಣು ಅರ್ಧ ಮುಚ್ಚುತ್ತಿದ್ದವು. ಎದುರಿಗೆ ಕೂತವರು ಆ ಹೊತ್ತಿನಲ್ಲಿ ಬೇವಿನ ಮರದ ಮೇಲೆ ಕಾಗೆ ಹುಡುಕುತ್ತಿದ್ದರು. ಕೆರೆದುಕೊಂಡು ಮುಗಿದ ಮೇಲೆ ಗೌಡರು, ಈ ಸಲ ಉಷ್ಣ ಭಾಳ ಆಗ್ಯದ ಎನ್ನುತ್ತಿದ್ದರು. ಎಲ್ಲರೂ ಹೌದ್ರಿ ಎಂದು ತಲೆಯಾಡಿಸಿ ಮರದಿಂದ ಕಣ್ಣು ಇಳಿಸುತ್ತಿದ್ದರು.

ಬೇಸಿಗೆಯಲ್ಲಿ ಉಷ್ಣ. ಮಳೆಗಾಲದಲ್ಲೂ ಉಷ್ಣ. ಎಳ್ಳಮಾವಾಸ್ಯೆಯ ಚಳಿಗೆ ಊರು ಕಂಬಳಿ ಹೊದ್ದು ನಡುಗುವಾಗಲೂ ಗೌಡರಿಗೆ ಉಷ್ಣ. ಅದೇ ತುರಿಕೆ ಕೇರಿಯ ಕೂಲಿಯವನಿಗೆ ಬಂದರೆ ಅದರ ಹೆಸರು ಗಜಕರ್ಣ. ಅವನು ಮೈ ತೊಳೆಯುವುದಿಲ್ಲ, ಅದಕ್ಕೇ ಬಂತು ಎನ್ನುತ್ತಿದ್ದರು. ಆ ಊರಲ್ಲಿ ರೋಗಕ್ಕೂ ಮನೆತನ ಕೇಳಿಯೇ ಹೆಸರಿಡುತ್ತಿದ್ದರು.

ಪಿಂಜಾರ ಓಣಿಯ ಚಾಂದಬೀಗೆ ಆ ಉಷ್ಣದ ನಿಜ ತಿಳಿದದ್ದು ತನ್ನ ತೊಡೆಯಿಂದ.

ಚಾಂದಬೀ ಕೌದಿ ಹೊಲಿಯುವವಳು. ಗಂಡ ಬದುಕಿದ್ದಾಗ ಬಿಲ್ಲು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಅರಳೆ ಹಿಂಜುತ್ತಿದ್ದ. ಅರಳೆಯ ಧೂಳು ಅವನ ಎದೆಯೊಳಗೆ ಕೂತು ಕೆಮ್ಮಾಯಿತು. ಕೆಮ್ಮು ಅವನನ್ನು ಒಯ್ದಿತು. ಬಿಲ್ಲು ಗೋಡೆಯ ಗೂಟಕ್ಕೆ ಉಳಿಯಿತು, ಸೂಜಿ ಇವಳ ಕೈಗೆ. ನರೋಣಾದ ಬಸ್ಸು ಇಳಿದು ಹಳ್ಳ ದಾಟಿದರೆ ಸಿಗುವ ಆ ಊರಲ್ಲಿ ಅವಳು ಹೊಲಿದ ಕೌದಿ ಹೊದೆಯದ ಮನೆ ಇರಲಿಲ್ಲ. ಹಳೆಯ ಸೀರೆ, ಹರಿದ ಧೋತರ, ಸತ್ತ ಅತ್ತೆಯ ಕುಪ್ಪಸ, ಏನು ಕೊಟ್ಟರೂ ಪದರದ ಮೇಲೆ ಪದರ ಹಾಸಿ, ಮೇಲೆಯೇ ಕೂತು, ಅಂಚಿನಿಂದ ಸುತ್ತು ಹಿಡಿದು ಒಳಗೊಳಗೆ ಹೊಲಿಯುತ್ತ ಹೋಗುತ್ತಿದ್ದಳು. ನಡು ಮುಟ್ಟಿದರೆ ಕೌದಿ ಮುಗಿಯಿತು. ಅಷ್ಟರಲ್ಲಿ ಬೆನ್ನು ಬಾಗಿ, ಬೆರಳ ತುದಿ ತೂತಾಗಿ, ಮೊಣಕಾಲು ಹಿಡಿದುಕೊಂಡಿರುತ್ತಿದ್ದವು. ಊರಿನ ಅರ್ಧ ಜನರ ಬೆವರು ಅವಳ ಮಡಿಲಲ್ಲಿ ಒಣಗಿತ್ತು. ಯಾರ ಮಗ ಇನ್ನೂ ಹಾಸಿಗೆ ತೋಯಿಸುತ್ತಾನೆ, ಯಾವ ಸಾವ್ಕಾರ ಕುಡಿದು ಬಂದು ವಾಂತಿ ಮಾಡಿಕೊಳ್ಳುತ್ತಾನೆ, ಬಟ್ಟೆಯೇ ಹೇಳುತ್ತಿತ್ತು. ಅವಳು ಯಾರಿಗೂ ಹೇಳುತ್ತಿರಲಿಲ್ಲ. ಹೇಳುವವಳಿಗೆ ಯಾರು ಬಟ್ಟೆ ಕೊಡುತ್ತಾರೆ.

ಗೌಡರ ವಾಡೆಯಲ್ಲಿ ಅವಳು ಕೂರುವ ಜಾಗ ಅಂಗಳದ ಮೂಲೆಯ ಕಟ್ಟೆ. ಚಹಾ ಕುಡಿಯಲು ಹಿಡಿಕೆ ಮುರಿದ ಕಪ್ಪು. ಅದು ಹೊರಗೋಡೆಯ ಗೂಡಿನಲ್ಲಿ ಇರುತ್ತಿತ್ತು. ತಾನೇ ತೆಗೆದುಕೊಂಡು, ತಾನೇ ತೊಳೆದು, ತಾನೇ ಮತ್ತೆ ಗೂಡಿಗೆ ಇಡಬೇಕು. ಆ ಗೂಡಿನ ಗೋಡೆಯ ಆಚೆ ಬದಿಗೆ, ಪಡಸಾಲೆಯಲ್ಲಿ, ಬಸವಣ್ಣನ ಫೋಟೋ. ಬಸವ ಜಯಂತಿಯ ದಿವಸ ಗೌಡರು ಅದಕ್ಕೆ ಹಾರ ಹಾಕಿ, ಮೈಕಿನ ಮುಂದೆ ನಿಂತು, ಮನುಷ್ಯರೆಲ್ಲ ಒಂದೇ ಎಂದು ಹೇಳುತ್ತಿದ್ದರು. ಚಾಂದಬೀ ಅದನ್ನು ಪ್ರತಿ ವರ್ಷ ಕೇಳಿದ್ದಳು. ಕಪ್ಪು ಮಾತ್ರ ಗೂಡಿನಲ್ಲೇ ಇತ್ತು.

ಆ ವರ್ಷ ಶ್ರಾವಣದಲ್ಲಿ ಗೌಡರ ಮಗಳು ಪ್ರಮಿಲಾ ತವರಲ್ಲಿ ಹಡೆದಳು. ಗಂಡು ಕೂಸು. ಗಂಡನ ಮನೆ ಅಫಜಲಪುರದ ಕಡೆಯದು, ಕಬ್ಬಿನ ಗದ್ದೆ ಇದ್ದವರು. ಗೌಡರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮೊದಲ ಮೊಮ್ಮಗನ ಕೌದಿಯನ್ನು ಅಜ್ಜ ಉಟ್ಟುಬಿಟ್ಟ ಧೋತರದಿಂದಲೇ ಹೊಲಿಸಬೇಕು. ಆ ಧೋತರವನ್ನು ತೊಳೆಯಬಾರದು. ತೊಳೆದರೆ ಅಜ್ಜನ ದೊಡ್ಡತನ, ಆಯುಷ್ಯ, ಗೌಡಿಕೆ ಎಲ್ಲ ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆ. ಅಜ್ಜನ ಮೈಯಲ್ಲಿ ಇದ್ದದ್ದು ಇದ್ದಂತೆಯೇ ಮೊಮ್ಮಗನ ಮೈಗೆ ಇಳಿಯಬೇಕು.

ಇಳಿಯಿತು ಎನ್ನಿ.

ಗೌಡಸಾನಿ ಸುಭದ್ರಾಬಾಯಿ ಧೋತರಗಳ ಗಂಟನ್ನು ತಂದು ಕಟ್ಟೆಯ ಮೇಲೆ ಹಾಕಿದಾಗ ಚಾಂದಬೀ ಮುಖ ಹೊರಳಿಸಿದಳು. ಬೆವರಿನ ವಾಸನೆಗೆ ಅವಳು ಅಂಜುವವಳಲ್ಲ. ಇದು ಬೇರೆ ನಾತ, ಮುಗ್ಗಿದ ಹಿಟ್ಟಿನಂಥದ್ದು. ಬಿಡಿಸಿ ನೋಡಿದರೆ ಕಾಲು ಕೂಡುವ ಜಾಗದಲ್ಲಿ ಕರಿನೇರಳೆ ಬಣ್ಣದ ದೊಡ್ಡ ದೊಡ್ಡ ಕಲೆ. ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿಯಲ್ಲಿ ಮಾರುವ ತುರಿಕೆಯ ಕರೀ ಮುಲಾಮಿನ ಕಲೆ. ಒಮ್ಮೆ ಕುದಿಸಿ ಕೊಡಿ ಎಂದು ಅವಳು ಮೆಲ್ಲಗೆ ಕೇಳಿದಳು. ಸುಭದ್ರಾಬಾಯಿಗೆ ಅದು ಅಧಿಕಪ್ರಸಂಗವಾಗಿ ಕಂಡಿತು. ಪದ್ಧತಿ ನಿನಗೇನು ಗೊತ್ತು ಎಂದಳು. ಮತ್ತೆ ಧ್ವನಿ ಇಳಿಸಿ ಹೇಳಿದಳು:

"ಕಲೆ ಇದ್ದದ್ದು ಒಳಗ ಹಾಕು. ಮ್ಯಾಲ ಪ್ರಮಿಲಾನ ಲಂಗದ ಅರಬಿ ಮುಚ್ಚಿ ಹೊಲಿ. ಯಾರಿಗೂ ಕಾಣಬಾರದು."

ಚಾಂದಬೀ ಮುಚ್ಚಿ ಹೊಲಿದಳು. ಹೊರಗೆ ಜಿಟಿಜಿಟಿ ಮಳೆ. ಒಣಗದ ಬಟ್ಟೆ, ಒಣಗದ ಮೈ. ದಿನವಿಡೀ ಗೌಡರ ಧೋತರ ಅವಳ ಮಡಿಲಲ್ಲಿ ಬಿದ್ದಿತ್ತು. ಕೌದಿ ಮುದ್ದಾಗಿ ಬಂತು. ಮೂಲೆಗೆ ಕೆಂಪು ತ್ರಿಕೋನದ ತುಂಡು, ನಡುವಿಗೆ ಹಳದಿ. ಬಾಣಂತಿ ಕೋಣೆಗೆ ಒಯ್ದು ಕೂಸಿನ ಕೆಳಗೆ ಹಾಸಿದರು. ಅವಳು ತನ್ನ ಕಪ್ಪು ತೊಳೆದು ಗೂಡಿಗೆ ಇಟ್ಟು ಮನೆಗೆ ಬಂದಳು.

ಮೊದಲು ತೊಡೆ ಕಡಿಯಿತು. ಒಂದು ಕೆಂಪು ಚುಕ್ಕೆ. ಚುಕ್ಕೆ ಬಳೆಯಾಯಿತು. ಬಳೆಯ ನಡುವೆ ಚರ್ಮ ತಿಳಿಯಾಗುತ್ತ ಬಂತು, ಅಂಚು ಮಾತ್ರ ಉಬ್ಬಿ, ಹೊಟ್ಟು ಎದ್ದು, ಹೊರಗೆ ಹೊರಗೆ ಸರಿಯಿತು. ಅವಳು ಕೌದಿಯನ್ನು ಅಂಚಿನಿಂದ ಒಳಗೆ ಹೊಲಿಯುವವಳು. ಇದು ಒಳಗಿನಿಂದ ಅಂಚಿಗೆ ಹೊಲಿಯುತ್ತಿತ್ತು. ಆಮೇಲೆ ಬಟ್ಟೆ ಒತ್ತಿ ಹಿಡಿಯುವ ಎಡಗೈಯ ಮೇಲೂ ಒಂದು ಬಳೆ ಎದ್ದಿತು. ನೆರೆಯ ಹಜರಾಬಿ ಬಲ್ಲ ವೈದ್ಯವೆಲ್ಲ ಹೇಳಿದಳು. ತಾಮ್ರದ ಬಿಲ್ಲೆಯಿಂದ ರಕ್ತ ಬರುವಂತೆ ತಿಕ್ಕಿದ್ದಾಯಿತು. ಬಳ್ಳೊಳ್ಳಿ ಅರೆದು ಕಟ್ಟಿದ್ದಾಯಿತು, ಗುಳ್ಳೆ ಬಂತು. ಚಿಮಣಿ ಎಣ್ಣೆ ಹಚ್ಚಿದ್ದಾಯಿತು. ಆ ದಿನ ಹಜರಾಬಿ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಗಜಕರ್ಣ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಗೌಡರ ಮನೆಯಿಂದ ಬಂದದ್ದು, ಅಷ್ಟು ಸುಲಭಕ್ಕೆ ಎದ್ದು ಹೋಗುತ್ತದೆಯೇ.

ತೊಟ್ಟಿಲ ದಿವಸ ಅಫಜಲಪುರದ ಬೀಗರು ಬಂದರು. ಹೋಳಿಗೆ ಬಡಿಸಿದರು. ಬೀಗತಿ ಮೊಮ್ಮಗನನ್ನು ಎತ್ತಿ, ಹೊದಿಕೆ ಸರಿಸಿ, ಅಂಡಿನ ಮೇಲೆ ಎರಡು, ಬೆನ್ನ ಮೇಲೆ ಒಂದು ಕೆಂಪು ಬಳೆ ಕಂಡಳು. ಇದೇನ್ರಿ ಎಂದಳು. ಹಾಡು ನಿಂತಿತು. ಉಷ್ಣ ಎಂದು ಸುಭದ್ರಾಬಾಯಿ ಬಾಯಿ ತೆರೆದಳು. ಬೀಗತಿ ಹಾಲು ಕುಡಿಯುವ ಕೂಸಿಗೆ ಇಂಥ ಉಷ್ಣ ಎಲ್ಲೂ ಕಂಡಿಲ್ಲವೆಂದಳು. ಎಲೆ ಎತ್ತುವ ಹೊತ್ತಿಗೆ ವಾಡೆಯವರು ಅಪರಾಧಿಯನ್ನು ಹುಡುಕಿ ಆಗಿತ್ತು. ಮನೆಗೆಲಸದ ಗುರಮ್ಮ ಚಾಂದಬೀಯ ಕೈಮೇಲಿನ ಬಳೆಯನ್ನು ಹಳ್ಳದಲ್ಲಿ ನೋಡಿದ್ದಳು. ನೋಡಿದ್ದನ್ನು ಹೇಳಿದಳು. ಅಷ್ಟು ಸಾಕಾಯಿತು. ಪಿಂಜಾರಳ ಕೈಯಿಂದ ಕೌದಿಗೆ, ಕೌದಿಯಿಂದ ಕೂಸಿಗೆ. ದಾರಿ ಎಷ್ಟು ನೆಟ್ಟಗಿತ್ತೆಂದರೆ ಅದರ ಇನ್ನೊಂದು ತುದಿ ಎಲ್ಲಿ ಹೋಗುತ್ತದೆಂದು ಯಾರೂ ನೋಡಲಿಲ್ಲ. ಕೂಸಿಗೆ ಗುಣವಾಗಿ, ರೋಗದ ಮೂಲ ಸರಿಯಾಗುವ ತನಕ ಸೊಸೆಯನ್ನು ಕರೆದೊಯ್ಯುವುದಿಲ್ಲ ಎಂದು ಹೇಳಿ ಬೀಗರು ಜೀಪು ಹತ್ತಿದರು.

ಊರು ಚಾಂದಬೀಗೆ ಬಾಗಿಲು ಹಾಕಿತು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಒಬ್ಬೊಬ್ಬರೇ ಬಂದು ಕೋಲಿನ ತುದಿಯಿಂದ ಎತ್ತಿಕೊಂಡು ಹೋದರು. ನಳದ ಹತ್ತಿರ, ಎಲ್ಲರದೂ ತುಂಬಿದ ಮೇಲೆ ಬಾ ಎಂದರು. ಎಲ್ಲರದೂ ತುಂಬುವ ಹೊತ್ತಿಗೆ ನೀರು ನಿಲ್ಲುತ್ತಿತ್ತು. ಗಜಕರ್ಣವಲ್ಲ, ದೊಡ್ಡ ರೋಗವೇ ಇರಬೇಕು, ಬೆರಳು ಉದುರುತ್ತವೆ ನೋಡಿ ಎಂದು ಯಾರೋ ಮಾತು ಬಿಟ್ಟರು. ಚಾಂದಬೀ ಮನೆಯೊಳಗೆ ಕೂತು ತನ್ನ ಬೆರಳು ಮುಟ್ಟಿ ಮುಟ್ಟಿ ನೋಡಿಕೊಂಡಳು. ಸೂಜಿ ಚುಚ್ಚಿದ ಗಾಯಗಳು ಬಿಟ್ಟರೆ ಎಲ್ಲ ಇದ್ದಲ್ಲೇ ಇದ್ದವು. ಹಿಟ್ಟಿನ ಡಬ್ಬಿಯಲ್ಲಿ ಮಾತ್ರ ಏನೂ ಇರಲಿಲ್ಲ.

ಅವಳು ತಾಲೂಕಿನ ಸರಕಾರಿ ದವಾಖಾನೆಗೆ ಹೋದಳು. ಬಸ್ಸಿನಲ್ಲಿ ಸೆರಗು ಕೈಮೇಲೆ ಎಳೆದುಕೊಂಡು ಕಡೆತನಕ ನಿಂತೇ ಹೋದಳು. ಅಲ್ಲಿಯ ವ್ಯಂಕಟೇಶ ಡಾಕ್ಟರು ಸಿಡುಕಿನ ಮನುಷ್ಯ. ಆದರೆ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಊರಲ್ಲಿ ಯಾರೂ ಮುಟ್ಟದ ಕೈ. ಕಲೆಯ ಮೇಲೆ ಗುಂಡುಸೂಜಿಯ ತುದಿ ಊರಿ, ನೋವು ಗೊತ್ತಾಗುತ್ತದೆಯೇ, ತುರಿಸುತ್ತದೆಯೇ ಎಂದು ಕೇಳಿದರು. ಎರಡೂ ಇದೆ ಎಂದಾಗ, ಹಾಗಾದರೆ ದೊಡ್ಡ ರೋಗವಲ್ಲ ಎಂದರು. ಗಜಕರ್ಣದಲ್ಲಿ ಹುಳವೂ ಇಲ್ಲ, ಶಾಪವೂ ಇಲ್ಲ. ಮಳೆಗಾಲದಲ್ಲಿ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ಜಾತಿಯದೇ ಒಂದು, ಬೆವರಿರುವ ಹಸಿ ಚರ್ಮದ ಮೇಲೆ ಬೆಳೆಯುತ್ತದೆ ಎಂದರು. ಹಾಸಿಗೆ, ಬಟ್ಟೆ, ಟವೆಲ್ಲಿನಿಂದ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಬಟ್ಟೆ ಕುದಿಸಬೇಕು, ಸುಡುಬಿಸಿಲಿಗೆ ಒಣಗಿಸಬೇಕು. ಮೈ ತೊಳೆದು, ಒರೆಸಿ, ಬಳೆಯ ಅಂಚು ದಾಟಿ ಒಂದಿಷ್ಟು ಹೊರಗೂ ಮುಲಾಮು ಹಚ್ಚಬೇಕು. ಮನೆಯಲ್ಲಿ ಮತ್ತೆ ಯಾರಿಗಿದೆ ಎಂದು ಕೇಳಿದರು. ಮನೆಯಲ್ಲಿ ಯಾರೂ ಇಲ್ಲ ಎಂದಳು. ಎಲ್ಲಿಂದ ಬಂತು ಎಂದರು. ಅವಳು ನೆಲ ನೋಡಿದಳು. ಹುಟ್ಟಿದ ಜಾಗದಲ್ಲಿ ಔಷಧ ಬೀಳದಿದ್ದರೆ ಊರೆಲ್ಲ ತಿರುಗಿ ಮತ್ತೆ ನಿನ್ನ ಹತ್ತಿರವೇ ಬರುತ್ತದೆ ಎಂದು ಅವರು ಮುಂದಿನವರನ್ನು ಕರೆದರು.

ಮುಲಾಮು ಬೆಂಕಿಯಂತೆ ಉರಿಯಿತು. ವಾರದೊಳಗೆ ತುರಿಕೆ ನಿಂತಿತು, ಕಲೆ ಮಾಸಿತು. ಅವಳು ಖುಷಿಯಿಂದ ಉಳಿದ ಮುಲಾಮನ್ನು ಎತ್ತಿಟ್ಟಳು. ಮುಂದಿನ ಅಮಾವಾಸ್ಯೆಗೆ ಅದೇ ಜಾಗದಲ್ಲಿ ಅದೇ ಬಳೆ ಎದ್ದು ಕೂತಿತ್ತು. ಮತ್ತೆ ಹೋದಾಗ ಡಾಕ್ಟರು ಕಣ್ಣು ಕೆಂಪಗೆ ಮಾಡಿದರು.

"ಕಾಣಂಗಿಲ್ಲ ಅಂದ್ರ ಹೋಗ್ಯದ ಅಂತಲ್ಲಮ್ಮ. ಒಳಗ ಇರ್ತದ. ಕಾಣದಂಗಾದ ಮ್ಯಾಲೂ ಹದಿನೈದು ದಿನ ಹಚ್ಚಬೇಕು. ಬಿಡಬಾರದು."

ಈ ಮಾತು ಅವಳ ತಲೆಯಲ್ಲಿ ಕೂತಿತು.

ವಾಡೆಯಲ್ಲಿ ಕೂಸನ್ನು ಡಾಕ್ಟರಿಗೆ ತೋರಿಸಲಿಲ್ಲ. ತೋರಿಸಿದರೆ ಮನೆಯವರನ್ನೆಲ್ಲ ತೋರಿಸಿ ಎನ್ನುತ್ತಾನೆ ಎಂಬ ಹೆದರಿಕೆ ಗೌಡರಿಗೆ. ವಿಭೂತಿ ಹಚ್ಚಿದರು. ಮಂತ್ರ ಹಾಕುವವನು ಬಂದು ಬಳೆಯ ಸುತ್ತ ಮಸಿಯಿಂದ ಇನ್ನೊಂದು ಬಳೆ ಬರೆದು, ಇದನ್ನು ದಾಟಬಾರದು ಎಂದು ಗಜಕರ್ಣಕ್ಕೆ ಆಜ್ಞೆ ಮಾಡಿ, ಅಕ್ಕಿ ಬೆಲ್ಲ ಕಟ್ಟಿಸಿಕೊಂಡು ಹೋದ. ಮಸಿ ಅಳಿಸಬಾರದೆಂದು ಕೂಸಿಗೆ ನೀರು ಎರೆಯುವುದನ್ನೂ ಬಿಟ್ಟರು. ಗಜಕರ್ಣಕ್ಕೆ ಓದು ಬರುತ್ತಿರಲಿಲ್ಲವೋ ಏನೋ, ದಾಟಿ ಕೆನ್ನೆಗೆ ಬಂತು. ಅಫಜಲಪುರದಿಂದ ಮತ್ತೆ ಮಾತು ಬಂತು: ಮೂಲ ಸಿಕ್ಕಿತೇ?

ಗೌಡರು ಚಾವಡಿಗೆ ಊರು ಕರೆದರು.

ಆ ದಿನ ಮುಂಜಾನೆ ಗುರಮ್ಮ ಚಾಂದಬೀಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಒಂದು ಮಾತು ಒಪ್ಪಿಕೊಂಡುಬಿಡು, ನನ್ನಿಂದಲೇ ಬಂತು ಅನ್ನು, ಕೌದಿ ನಿನ್ನ ಕೈಯಿಂದಲೇ ಸುಡು, ವರ್ಷ ಕಳೆದ ಮೇಲೆ ಗೌಡರು ದಯೆ ಮಾಡಿ ಮತ್ತೆ ಹೊಲಿಗೆ ಕೊಡುತ್ತಾರೆ ಎಂದಳು. ವರ್ಷ ತನಕ ಏನು ತಿನ್ನಲಿ ಎಂದು ಚಾಂದಬೀ ಕೇಳಿದಳು. ಗುರಮ್ಮ ಅದನ್ನು ಯಾರೂ ಹೇಳಿಕಳಿಸಿಲ್ಲ ಎಂದಳು. ಹೊರಡುವಾಗ ಒಮ್ಮೆ ನಿಂತು ತನ್ನ ಹೊಟ್ಟೆಯ ಮಡಿಕೆಯನ್ನು ಸೀರೆಯ ಮೇಲಿಂದಲೇ ಕೆರೆದುಕೊಂಡಳು. ಗೌಡರ ಬಟ್ಟೆ ಒಗೆಯುವವಳು ಅವಳೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಚಾವಡಿಯಲ್ಲಿ ಜನ ತುಂಬಿತ್ತು. ಕೌದಿಯನ್ನು ಕೋಲಿಗೆ ನೇತುಹಾಕಿಕೊಂಡು ತಂದು ನಡುವೆ ಎಸೆದರು. ಪಕ್ಕಕ್ಕೆ ಚಿಮಣಿ ಎಣ್ಣೆಯ ಬಾಟ್ಲಿ ಇಟ್ಟರು. ಚಾಂದಬೀಯನ್ನು ಬಿಸಿಲಿಗೆ ನಿಲ್ಲಿಸಿದರು. ಗೌಡರು ನೆರಳಲ್ಲಿ ಕೂತು ಊರಿನ ಸ್ವಚ್ಛತೆಯ ಬಗ್ಗೆ ಮಾತಾಡಿದರು. ಮೈ ಶುದ್ಧ, ಮನ ಶುದ್ಧ ಇರಬೇಕೆಂದರು. ಶುದ್ಧವಿಲ್ಲದವರನ್ನು ಮನೆಯೊಳಗೆ ಬಿಟ್ಟುಕೊಂಡದ್ದು ತಮ್ಮದೇ ತಪ್ಪು, ತಮ್ಮ ಮೆತ್ತನೆ ಮನಸ್ಸಿನ ತಪ್ಪು ಎಂದರು. ಮಾತಿನ ನಡುವೆ ಅವರ ಕೈ ನೆರಿಗೆಯೊಳಗೆ ಇಳಿಯಿತು. ಜನ ಕಾಗೆ ಹುಡುಕಿದರು. ಕೈ ಮೇಲೆ ಬಂತು. ಮಾತು ಮುಂದುವರಿಯಿತು.

ಊರಿನ ಹಿರಿಯ ಚಂದ್ರಾಮಪ್ಪ, ಇಂಥ ವೇಳೆ ಗೌಡರ ಪರವಾಗಿ ಪ್ರಶ್ನೆ ಕೇಳುವವನು, ಗಂಟಲು ಸರಿಮಾಡಿಕೊಂಡ.

"ಏನ್ ಬೇ ಚಾಂದಬೀ, ಒಪ್ಕೋತಿ ಇಲ್ಲ? ಕೌದಿ ಸುಡತಿ ಇಲ್ಲ?"

"ಸುಡತೇನ್ರಿ," ಎಂದಳು. "ನಾ ಹೊಲ್ದದ್ದು. ಹೊಲ್ದ ಕೈಲೇ ಬಿಚ್ಚಿ ಸುಡತೇನಿ. ಇದ್ದಂಗ ಸುಟ್ರ ನನ್ನ ದುಡಿತಾನೂ ಸುಟ್ಟಂಗ ಆಗತದ."

ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನಲು ಕಾರಣ ಹೊಳೆಯಬೇಕಿತ್ತು. ಗೌಡರಿಗೆ ಅದು ಹೊಳೆಯುವಷ್ಟರಲ್ಲಿ ಅವಳು ನೆಲಕ್ಕೆ ಕೂತಾಗಿತ್ತು.

ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು. ಸೊಂಟದ ಚೀಲದಿಂದ ಸೂಜಿ ತೆಗೆದಳು. ನಡುವಿನ ಗಂಟು ಎಬ್ಬಿಸಿ, ದಾರ ಹಿಡಿದು, ಸುತ್ತು ಸುತ್ತಾಗಿ ಹಿಂದಕ್ಕೆ ಬಿಚ್ಚುತ್ತ ಹೋದಳು. ಟರ್ ಟರ್ ಎಂದು ದಾರ ಹರಿಯುವ ಸದ್ದು. ಅವಸರ ಮಾಡಲಿಲ್ಲ. ಹೊಲಿಯುವಾಗಲೂ ಮಾಡಿದವಳಲ್ಲ. ಬೆವರು ಮೂಗಿನ ತುದಿಯಿಂದ ಬಟ್ಟೆಯ ಮೇಲೆ ಬಿತ್ತು. ಕೆಂಪು ಮೂಲೆ ಬಂತು, ಪಕ್ಕಕ್ಕೆ ಇಟ್ಟಳು. ಹಳದಿ ತುಂಡು ಬಂತು, ಪಕ್ಕಕ್ಕೆ ಇಟ್ಟಳು. ಪ್ರಮಿಲಾಳ ಲಂಗದ ಹೂವಿನ ಅರಿವೆ ಮೇಲೆದ್ದಿತು. ಅದನ್ನೂ ಮಡಚಿ ಇಟ್ಟಳು.

ಒಳಗಿನಿಂದ ಗೌಡರ ಧೋತರ ಬಂತು. ಜರಿ ಅಂಚಿನದು. ಊರಲ್ಲಿ ಆ ಅಂಚಿನ ಧೋತರ ಉಡುವವರು ಒಬ್ಬರೇ. ಅವಳು ಅದನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೆಗೆದಳು. ಕಾಲು ಕೂಡುವ ಜಾಗದಲ್ಲಿ ಕರಿನೇರಳೆ ಕಲೆ ಬಿಸಿಲಿಗೆ ಹೊಳೆಯಿತು. ಅದರ ಕೆಳಗಿನ ಪದರದಲ್ಲಿ ಇನ್ನೊಂದು ಧೋತರ. ಅದರಲ್ಲೂ ಅದೇ ಕಲೆ, ಅದೇ ಜಾಗ.

ಗೌಡರು ಎದ್ದು ನಿಂತರು. ಹೊಲಸು ಅರಬಿ ಮುಚ್ಚು ಎಂದರು.

ಚಾಂದಬೀ ತಲೆ ಎತ್ತಿದಳು. ಸೆರಗು ಸರಿಸಿ ಎಡಗೈ ಹೊರಗೆ ತೆಗೆದಳು.

"ಮುಚ್ಚಿ ಹೊಲಿ ಅಂದಿದ್ರಿ, ಮುಚ್ಚಿ ಹೊಲ್ದೆ. ನಂದೇ ತಪ್ಪು ಅನ್ನಾಕತ್ತೀರಿ, ಕೇಳ್ಕೋತ ನಿಂತೆ. ಇನ್ನ ಮುಚ್ಚಂಗಿಲ್ರಿ ಗೌಡ್ರ. ಇದು ನನ್ನ ಮನೀ ಅರಬಿ ಏನು? ನನ್ನ ಗಂಡ ಜರಿ ಧೋತರ ಉಡತಿದ್ದನೇನು? ನಿಮ್ಮ ಉಷ್ಣ ನನ್ನ ತೊಡೀಗೆ ಬಂತು. ನಿಮ್ಮ ಕೂಸಿಗೆ ಬಂತು. ನಾ ಡಾಕ್ಟರಿಗೆ ತೋರಿಸೇನಿ. ನೀವೂ ತೋರಿಸ್ರಿ. ಇಲ್ಲಾಂದ್ರ ಆ ಕೂಸು ಕೆರಕೋತನೇ ಬೆಳೀತದ, ನೀವು ಊರೆಲ್ಲ ಸುಟ್ರೂ."

ಗೌಡರ ಮುಖ ಕಪ್ಪಿಟ್ಟಿತು. ಏನೋ ಅನ್ನಲು ಬಾಯಿ ತೆರೆದರು. ಅದೇ ಗಳಿಗೆಗೆ ಅವರ ಬಲಗೈ, ಒಡೆಯನನ್ನು ಕೇಳದೆ, ನೆರಿಗೆಯೊಳಗೆ ಇಳಿಯಿತು. ಸಿಟ್ಟಿನ ಬೆವರಿಗೆ ತುರಿಕೆ ಹೆಚ್ಚು.

ಚಂದ್ರಾಮಪ್ಪ ಬೇವಿನ ಮರ ನೋಡಿದ. ಕಾಗೆ ಇರಲಿಲ್ಲ. ಹಿಂದೆ ಎಲ್ಲೋ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಗುರಮ್ಮನ ದನಿಯಂತೆ ಕೇಳಿಸಿತು. ಆಮೇಲೆ ಇನ್ನೊಬ್ಬರು. ಊರು ಆ ದಿನ ಮೊದಲ ಸಲ ಮರದ ಮೇಲೆ ನೋಡುವುದನ್ನು ಬಿಟ್ಟು ಗೌಡರ ಕೈಯನ್ನು ನೋಡಿತು.

ಚಿಮಣಿ ಎಣ್ಣೆಯ ಬಾಟ್ಲಿ ಹಾಗೇ ಉಳಿಯಿತು. ಚಾಂದಬೀ ಧೋತರಗಳನ್ನು ನಾಲ್ಕು ಮಡಿಕೆ ಮಾಡಿ ವಾಡೆಯ ಮೆಟ್ಟಿಲ ಮೇಲೆ ಇಟ್ಟು ಹೋದಳು.

ಮರುದಿನ ಪ್ರಮಿಲಾ ಅಪ್ಪನನ್ನು ಕೇಳದೆ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಡಾಕ್ಟರು ಅವಳಿಗೂ ಅದೇ ಪ್ರಶ್ನೆ ಕೇಳಿದರಂತೆ. ಅವಳು ನೆಲ ನೋಡದೆ ನಮ್ಮಪ್ಪಗ ಅದ ಎಂದಳಂತೆ. ಗೌಡರು ತಾಲೂಕಿನ ದವಾಖಾನೆಗೆ ಹೋಗಲಿಲ್ಲ. ನಸುಕಿನಲ್ಲಿ ಜೀಪು ಹೊರಡಿಸಿ ಗುಲಬರ್ಗಾಕ್ಕೆ ಹೋಗಿ, ಉಷ್ಣದ ಗುಳಿಗೆ ತಂದೆವೆಂದು ಹೇಳಿದರು. ಗುಳಿಗೆ ಊಟದ ಮೇಲೆ ತುಪ್ಪದ ಜೊತೆ ನುಂಗಬೇಕಂತೆ, ಮೇಲೆ ಉರಿಯುವ ಮುಲಾಮು ಹಚ್ಚಬೇಕಂತೆ. ಉಷ್ಣಕ್ಕೆ ಇಷ್ಟು ಉರಿಯುವ ಔಷಧ ಊರು ಕಂಡಿರಲಿಲ್ಲ. ಗುರಮ್ಮ ತನ್ನ ಪಾಲಿನ ಮುಲಾಮನ್ನು ಸರಕಾರಿ ದವಾಖಾನೆಯಿಂದಲೇ ತಂದುಕೊಂಡಳು.

ಕೂಸಿನ ಮೈ ತಿಳಿಯಾಯಿತು. ಬೀಗರು ಒಪ್ಪಿದರು. ಆದರೆ ಮೊದಲ ಮೊಮ್ಮಗ ಅಜ್ಜನ ಧೋತರದ ಕೌದಿ ಇಲ್ಲದೆ ಅಪ್ಪನ ಮನೆಗೆ ಹೋಗುವುದು ಮನೆತನಕ್ಕೆ ಒಪ್ಪುವುದಲ್ಲ. ಸುತ್ತಿನ ಊರಲ್ಲಿ ಹಾಗೆ ಹೊಲಿಯುವವರು ಬೇರೆ ಇರಲಿಲ್ಲ. ಹಿತ್ತಿಲ ಬಾಗಿಲಿಂದ ಬಂದು ಹೊಲಿದು ಹೋಗು ಎಂದು ಸುಭದ್ರಾಬಾಯಿ ಹೇಳಿಕಳಿಸಿದಳು. ಚಾಂದಬೀ ಗುರಮ್ಮನ ಕೈಲಿ ತಿರುಗಿ ಹೇಳಿಕಳಿಸಿದಳು. ಬಂದರೆ ತಲೆಬಾಗಿಲಿಂದ. ಚಹಾ ಕುಡಿದರೆ ಮನೆಯವರು ಕುಡಿಯುವ ಕಪ್ಪಿನಲ್ಲಿ. ಧೋತರಗಳನ್ನು ಮೊದಲು ಸೋಡಾ ಹಾಕಿ ಕುದಿಸಬೇಕು. ಹಿತ್ತಿಲಲ್ಲಿ ಅಲ್ಲ, ಮುಂದಿನ ಅಂಗಳದಲ್ಲಿ. ಒಣಗಿಸುವುದು ಚಾವಡಿಯ ಕಡೆ ಮುಖ ಮಾಡಿದ ಗೋಡೆಯ ಮೇಲೆ, ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ.

ವಾಡೆ ಮೂರು ದಿನ ಸಿಟ್ಟು ಮಾಡಿತು. ನಾಲ್ಕನೆಯ ದಿನ ಅಂಗಳದಲ್ಲಿ ಹಂಡೆ ಏರಿತು.

ಚಾವಡಿಗೆ ಹೋಗುವವರು, ಬರುವವರು, ಬಸ್ಸು ಇಳಿದವರು ಎಲ್ಲರೂ ನೋಡಿದರು. ಗೋಡೆಯ ಮೇಲೆ ಜರಿ ಅಂಚಿನ ಧೋತರಗಳು ಉದ್ದಕ್ಕೆ ತೂಗುತ್ತಿದ್ದವು. ಬಟ್ಟೆ ಬೆಳ್ಳಗಾಗಿತ್ತು. ಕಲೆ ಮಾತ್ರ ಹೋಗಿರಲಿಲ್ಲ. ನೋಡಿದವರು ದಾಟಿ ಹತ್ತು ಹೆಜ್ಜೆ ಹೋಗುತ್ತಿದ್ದಂತೆ ತಮ್ಮ ಮೈಯಲ್ಲಿ ಎಲ್ಲೋ ಒಂದು ಕಡೆ ಕೆರೆದುಕೊಳ್ಳುತ್ತಿದ್ದರು. ಗೌಡರು ಚಾವಡಿಗೆ ಬರುವುದನ್ನು ನಿಲ್ಲಿಸಿದ್ದರು.

ಸಂಜೆಗೆ ಗುರಮ್ಮ ಬಂದಳು. ಈ ಸಲ ಒಳಗೆ ಬಂದು ಚಾಪೆಯ ಮೇಲೆ ಕೂತಳು. ಚಾಂದಬೀ ಎಡಗೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಅಲ್ಲಿ ಈಗ ಬಳೆಯೂ ಇರಲಿಲ್ಲ, ಕಲೆಯೂ ಇರಲಿಲ್ಲ.

"ಧೋತರ ಒಣಗ್ಯಾವ ಬೇ," ಎಂದಳು ಗುರಮ್ಮ. "ತೆಗೀಲೇನು ಅಂತ ಸುಭದ್ರಾಬಾಯಾರು ಕೇಳಾಕತ್ತಾರ."

ಚಾಂದಬೀ ಹಿಂದೆ ಅಂಚು ಇದ್ದ ಜಾಗ ದಾಟಿ ಹೊರಗೂ ಒಂದಿಷ್ಟು ಹಚ್ಚಿದಳು. ಡಬ್ಬಿಯ ಮುಚ್ಚಳ ಹಾಕಿದಳು.

"ಈಗೇ ತೆಗೀಬ್ಯಾಡ ಅನ್ನು. ಕಾಣಂಗಿಲ್ಲ ಅಂದ್ರ ಹೋಗ್ಯದ ಅಂತಲ್ಲ. ಇನ್ನೂ ಹದಿನೈದು ದಿನ ಅಲ್ಲೇ ತೂಗಲಿ."